ಬರೆಯುವವರ ಹರಕೆ
ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಸಾವಿರಾರು ನಾಗರಕಲ್ಲುಗಳಿವೆ. ಸಂತಾನ ಬೇಡಿದವರು ಹರಕೆ ತೀರಿಸಿದ್ದಕ್ಕೆ ಕಲ್ಲೇ ಸಾಕ್ಷಿ. ಬರೆಯುವವರ ಹರಕೆಗೆ ಮಾತ್ರ ಸಾಕ್ಷಿ ಸಿಗುವುದಿಲ್ಲ. ಯುಗಾದಿಗೆ ‘ವಾರಕ್ಕೊಂದು ಲೇಖನ’ ಎಂದು ಸಂಕಲ್ಪ ಮಾಡುತ್ತೇವೆ. ಹೊಸ ಡೈರಿ ಬರುತ್ತದೆ, ಬಣ್ಣಬಣ್ಣದ ಪೆನ್ನು ಬರುತ್ತದೆ, ವೇಳಾಪಟ್ಟಿ ಗೋಡೆ ಏರುತ್ತದೆ. ಲೇಖನವೊಂದು ಬಿಟ್ಟು ಎಲ್ಲವೂ ಬರುತ್ತದೆ. ಕೇಳಿದರೆ, ‘ಮೂಡ್ ಇಲ್ಲ ಸ್ವಾಮಿ!’

ಡಾ. ಎಂ. ಶಿವರಾಂ, ಅದೇ ನಮ್ಮ ‘ರಾಶಿ’, ರೋಗಿಗಳ ನಾಡಿ ಹಿಡಿಯುತ್ತಲೇ 1942ರಿಂದ 25 ವರ್ಷ ‘ಕೊರವಂಜಿ’ ಹಾಸ್ಯಪತ್ರಿಕೆ ನಡೆಸಿದರು. ಮೂಡಿಗೆ ಕಾದಿದ್ದರೆ ಎರಡನೇ ಸಂಚಿಕೆಯೂ ಬರುತ್ತಿರಲಿಲ್ಲ. ಗೌರಿಬಿದನೂರಿನ ಬಸ್ಸು ನಮ್ಮ ಸ್ಫೂರ್ತಿಗೆ ಕಾಯುತ್ತದೆಯೇ?

ಹರಕೆ ಚಿಕ್ಕದಿರಲಿ: ದಿನಕ್ಕೆ ಹತ್ತು ಸಾಲು, ಅದೇ ಹೊತ್ತು, ಅದೇ ಜಾಗ. ಡೈರಿ ಆಮೇಲೆ ಕೊಳ್ಳಿ, ಮೊದಲು ಬರೆಯಿರಿ.