ಪೆಟ್ಟಿಗೆಯೊಳಗಿನ ವಾರಸುದಾರ

ಕೋಣಂದೂರಿನ ನಮ್ಮ ಮನೆಯ ಮಾಳಿಗೆಯಲ್ಲಿರುವ ಹಲಸಿನ ಮರದ ಪೆಟ್ಟಿಗೆ ಮುಳುಗಡೆ ಊರಿನದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಗದ್ದೆ, ಮನೆ, ಭೂತನ ಬನವನ್ನೆಲ್ಲ ನುಂಗಿತು. ಚಿತ್ತಾರ ಬರೆದ ಹಸೆಗೋಡೆಯನ್ನು ಲಾರಿಗೆ ಹೇರಲಾಗುತ್ತದೆಯೇ? ಅದಕ್ಕೇ ಅಜ್ಜಿ ಹೊರಡುವ ಮೊದಲು ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚ ಹಿಡಿದು, ಅಕ್ಕಿಹಿಟ್ಟಿನ ಬಿಳಿ, ಸುಟ್ಟಕ್ಕಿಯ ಕಪ್ಪು, ಗುರಿಗೆಯ ಹಳದಿಯಲ್ಲಿ ಚಿತ್ತಾರ ಬರೆದುಬಿಟ್ಟರು.

ಮೊನ್ನೆ ಹಳೇ ಸಾಮಾನು ಕೊಳ್ಳುವ ಆಸಾಮಿಯೊಬ್ಬ ಪೆಟ್ಟಿಗೆಯ ಒಳಹೊರಗಿನ ಫೋಟೊ ಕೇಳಿದ್ದ. ಮಾರುವ ಮನಸ್ಸು ನನಗಿರಲಿಲ್ಲ; ಬೆಲೆ ಕೇಳುವ ಚಪಲ ಮಾತ್ರ. ಮುಚ್ಚಳವೋ ತೊಲೆಗೆ ತಾಗಿ ಅರ್ಧವೇ ತೆರೆಯುವುದು. ಒಳಗೆ ಅಂಗಾತ ಮಲಗಿದರಷ್ಟೇ ಚಿತ್ತಾರದ ದರ್ಶನ. ಮಲಗಿದೆ. ಫೋನು ಎತ್ತಲು ಮೊಣಕೈ ಸರಿಸಿದ್ದೇ ತಡ, ಧಡ್ಡೆಂದು ಕತ್ತಲಾಯಿತು. ಏಳಹೋದ ಮೂಗು ಚಿತ್ತಾರಕ್ಕೆ ಬಡಿಯಿತು. ಗಾಳಿಯಾಡುವಂತೆ ಹಿಂದಿನ ಹಲಗೆಯಲ್ಲಿ ತೂತು ಕೊರೆದಿದ್ದ ಇಲಿ ಯಾವುದೋ, ಅದರ ಸಂತಾನ ನೂರ್ಕಾಲ ಬಾಳಲಿ.

ಕೂಗಬೇಕು ಅನ್ನುವಷ್ಟರಲ್ಲಿ ಚಿಕ್ಕಮ್ಮ ಬಂದು ಮುಚ್ಚಳದ ಮೇಲೆ ಕೂತರು. ನಮ್ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಲ್ಲೊಂದೇ ಕಡೆ. ಶಿವಮೊಗ್ಗದ ಮಗಳೊಂದಿಗೆ ಅಡಿಕೆ ರೇಟು ಆಯಿತು, ಕೊಳೆರೋಗ ಆಯಿತು, ಯಾರದೋ ಮದುವೆಯ ಹೋಳಿಗೆ ಗಟ್ಟಿಯಾದದ್ದೂ ಆಯಿತು. ಅಷ್ಟರಲ್ಲಿ ನನ್ನ ಸುದ್ದಿ ಬಂತು. ಇನ್ನು ಕೂಗುವುದುಂಟೇ? ಉಸಿರು ಬಿಗಿಹಿಡಿದು ಕಿವಿಯಾದೆ.

"ಅವಂಗೆ ಎಂತ ಗೊತ್ತದೆ? ಈ ಪೆಟ್ಟಿಗೆ ಮಾರ್ತಾನೆ ಕಣೇ, ನೋಡ್ತಿರು. ಮುಳುಗಿದ ಮನೆ ನೆನಪಾದಾಗೆಲ್ಲ ಅತ್ತೆ ಇದರ ಮುಚ್ಚಳ ಎತ್ತಿ ನೋಡ್ತಿದ್ರು. ನೋಡಿ ಸುಮ್ನೆ ಮುಚ್ಚಿ ಕೆಲಸಕ್ಕೆ ಹೋಗ್ತಿದ್ರು."

ನನ್ನ ಗಂಟಲು ಕಟ್ಟಿತು. ಆದರೆ ಬಂದದ್ದು ಅಳುವಲ್ಲ, ಸೀನು.

ಚಿಕ್ಕಮ್ಮ ಕಿಟ್ಟನೆ ಕಿರುಚಿ ನೆಗೆದರು. ಫೋನು ಮೆಟ್ಟಿಲುರುಳಿತು, ಶಿವಮೊಗ್ಗದ ತಂಗಿ ಅದರೊಳಗಿಂದಲೇ "ಎಂತಾಯ್ತಮ್ಮಾ?" ಎಂದು ಉರುಳುತ್ತ ಹೋದಳು. ನಾನು ಮುಚ್ಚಳ ಎತ್ತಿ ಎದ್ದು ಕೂತೆ. ಚಿಕ್ಕಮ್ಮ ಎದೆ ಹಿಡಿದುಕೊಂಡೇ ಕೇಳಿದರು: "ಒಳಗೆ ಎಂತ ಮಾಡ್ತಿದ್ಯ ಮಾರಾಯಾ? ಆ ಮೂಗಿಗೆ ಎಂತ ಬಳ್ಕೊಂಡಿದ್ದು?"

ಸಂಜೆ ಆಸಾಮಿ ಫೋನು ಮಾಡಿದ. ಪಾಲಿಶ್ ಹೊಡೆದು, ಮೇಲೆ ಗಾಜು ಕೂರಿಸಿ, ಹೋಂಸ್ಟೇಗೆ ಟೀಪಾಯಿ ಮಾಡುತ್ತಾನಂತೆ. "ಒಳಗಿನ ಮಣ್ಣು ತೊಳ್ದುಬಿಡ್ತೀವಿ ಸಾರ್." ಮುಳುಗಿಸಲು ಅಣೆಕಟ್ಟೇ ಬೇಕೆಂದೇನಿಲ್ಲ. ಬೆಲೆ ಕೇಳದೆ ಫೋನಿಟ್ಟೆ.

ನಿಮ್ಮ ಮನೆಯಲ್ಲೂ ಕೆಮ್ಮಣ್ಣಿನ ಚಿತ್ತಾರವಿದ್ದರೆ ದಯವಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಮೂಗು ತಾಗಿದರೂ ಸಾಕು, ಬಣ್ಣ ಕಿತ್ತು ಬರುತ್ತದೆ.