ದೋಣಿಮೆತ್ತೆ ಮೀಮಾಂಸೆ

ಕರಾವಳಿಯ ಇತಿಹಾಸಕಾರರು ಒಂದು ಮುಖ್ಯ ಪ್ರಶ್ನೆಯನ್ನು ಇಂದಿನವರೆಗೂ ಎತ್ತಿಲ್ಲ. 1665ರ ಫೆಬ್ರವರಿಯಲ್ಲಿ ಶಿವಾಜಿ 85 ಸಣ್ಣ ನೌಕೆ, 3 ದೊಡ್ಡ ಹಡಗು ಕಟ್ಟಿಕೊಂಡು ಬಂದು ಬಸ್ರೂರನ್ನು ಸೂರೆಗೈದದ್ದು ಸರ್ವವಿದಿತ. ಆದರೆ ಅಷ್ಟು ದೂರ ಅವರು ಕೂತದ್ದು ಯಾವುದರ ಮೇಲೆ? ಬರೀ ಹಲಗೆಯೋ, ಹತ್ತಿ ತುಂಬಿದ ಮೆತ್ತೆಯೋ? ಲೂಟಿಯ ಲೆಕ್ಕ ಬರೆದವರು ಆಸನದ ಸುದ್ದಿಗೆ ಹೋಗಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಮಲ್ಪೆಯ ಐತಿಹ್ಯ ಸಿಗುತ್ತದೆ. ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ಪಾರುಮಾಡಿದರು, ಪ್ರತಿಯಾಗಿ ಹಡಗಿನ ತೂಕಕ್ಕೆಂದು ಹಾಕಿದ್ದ ಗೋಪಿಚಂದನದ ಗಡ್ಡೆಯನ್ನು ಕೇಳಿ ಪಡೆದರು, ಅದರೊಳಗೆ ಉಡುಪಿಯ ಕೃಷ್ಣನಿದ್ದ ಎಂಬುದು ಪ್ರತೀತಿ. ಭಕ್ತರು ಕೃಷ್ಣನನ್ನು ನೋಡುತ್ತಾರೆ. ಮೆತ್ತೆಶಾಸ್ತ್ರಜ್ಞ ನೋಡುವುದು ಗಡ್ಡೆಯನ್ನು. ಈ ಕಡೆಯ ಹಡಗೊಂದರ ಒಳಾಂಗಣದ ಬಗ್ಗೆ ಸಿಗುವ ಹಳೆಯ ಉಲ್ಲೇಖ ಅದು, ಮತ್ತು ಒಳಗಿದ್ದದ್ದು ಮಣ್ಣು.

ಇಂತಹ ಕಠಿಣ ಪರಂಪರೆಯ ನಾಡಿನಲ್ಲಿ ದೋಣಿಯ ಸೀಟಿಗೆ ಹೊಸ ಹೊದಿಕೆ ಹೊಲಿಯುವುದನ್ನು ಹವ್ಯಾಸವಾಗಿ ಕಲಿಯಹೊರಟವನ ಪಾಡನ್ನು ಊಹಿಸಬಹುದು. ಅವನು ವಿದ್ಯೆ ಕಲಿತದ್ದು ಅಮೆರಿಕದ ಕೆರೆಗಳಲ್ಲಿ ಓಡುವ ಸ್ಪೀಡ್‌ಬೋಟುಗಳ ವಿಡಿಯೋ ನೋಡಿ. ಬಿಳಿ ಸೀಟು, ನೀಲಿ ಪೈಪಿಂಗ್, ತಂಪು ಪಾನೀಯ ಇಡಲು ಒಂದು ಕುಳಿ. ಆಮೇಲೆ ಗಂಗೊಳ್ಳಿ ಬಂದರಿಗೆ ಬಂದು ಟ್ರಾಲರಿನ ಕ್ಯಾಬಿನ್ನಿಗೆ ತಲೆ ಹಾಕುತ್ತಾನೆ. ಗೋಡೆಯಲ್ಲಿ ದೇವರ ಪಟ, ಅದರಡಿ ಜಿಪಿಎಸ್, ಪಕ್ಕದಲ್ಲಿ ಆಳುದ್ದದ ಹಲಗೆ, ಹಲಗೆಯ ಮೇಲೊಂದು ಚಾಪೆ. ಕೊಡೇರಿಗೆ ಹೋದರೂ ಅದೇ, ಹಂಗಾರಕಟ್ಟೆಗೆ ಹೋದರೂ ಅದೇ. ನಾಡದೋಣಿಯಲ್ಲಂತೂ ಒಳಾಂಗಣವೇ ಇಲ್ಲ, ಒಳಗೆ ಬಲೆಯಿದೆ.

ಶಾಸ್ತ್ರಕ್ಕೆ ಮೊದಲ ಸಂಕಟ ಕಾಲನಿರ್ಣಯದ್ದು. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ನಿಷೇಧ. ಬಲೆ ಹೆಣೆಯುವುದು, ಬಣ್ಣ ಬಳಿಯುವುದು, ಎಂಜಿನ್ ಬಿಚ್ಚುವುದು ಎಲ್ಲವೂ ಆಗಲೇ. ಮೆತ್ತೆಗೂ ಅದೇ ಮುಹೂರ್ತ. ಆದರೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಉಡುಪಿ ಜಿಲ್ಲೆಯಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ಬೀಳುವುದೂ ಆ ಎರಡೇ ತಿಂಗಳಲ್ಲಿ. ಅಂಟು ಹಚ್ಚಿದರೆ ಅದರ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಹನಿಗಟ್ಟುತ್ತದೆ, ಅಂಟು ಹಿಡಿಯುವುದಿಲ್ಲ. ಅಂಟು ಹಿಡಿಯುವ ಏಪ್ರಿಲ್‌ನಲ್ಲಿ ಬೋಟು ಕಡಲಲ್ಲಿರುತ್ತದೆ. ಬೋಟು ಸಿಗುವಾಗ ಬಿಸಿಲಿಲ್ಲ, ಬಿಸಿಲಿರುವಾಗ ಬೋಟಿಲ್ಲ. ಈ ಸೂತ್ರಕ್ಕೆ ಭಾಷ್ಯ ಬೇಡ.

ಅಂಟಿನಿಂದಲೇ ಮತಭೇದ ಹುಟ್ಟುತ್ತದೆ. ಫೋಮಿಗೆ ರೆಕ್ಸಿನನ್ನು ಅಂಟಿಸಿ ಎರಡನ್ನೂ ಒಂದೇ ಮಾಡುವವರು ಅದ್ವೈತಿಗಳು. ಹೊದಿಕೆ ಬೇರೆ, ಫೋಮ್ ಬೇರೆ, ನಡುವೆ ಜಿಪ್ ಇರಬೇಕು ಎನ್ನುವವರು ದ್ವೈತಿಗಳು. ಈ ಜಿಲ್ಲೆಯಲ್ಲಿ ಗೆಲುವು ಯಾರದೆಂದು ಹೇಳಬೇಕಾಗಿಲ್ಲ. ಅಂಟಿಸಿದ ಮೆತ್ತೆಯೊಳಗೆ ಉಪ್ಪುನೀರು ಹೊಕ್ಕರೆ ಹೊರಬರುವ ದಾರಿಯಿಲ್ಲ. ಒಳಗೊಳಗೇ ಬೂಸ್ಟು ಹಿಡಿದು ವಾಸನೆ ಬರುತ್ತದೆ. ಜಿಪ್ಪಿನದಾದರೆ ಬಿಚ್ಚಿ ಸಿಹಿನೀರಿನಲ್ಲಿ ಜಾಲಾಡಿ ಒಣಹಾಕಬಹುದು. ಪ್ಲೈವುಡ್, ಫೋಮ್, ರೆಕ್ಸಿನ್, ನೂಲು, ಪಿನ್ನು ಎಂಬ ಪಂಚಭೇದಗಳು ನಿತ್ಯ, ಸತ್ಯ. ಪಿನ್ನು ಸ್ಟೇನ್‌ಲೆಸ್ ಸ್ಟೀಲಿನದ್ದಾಗಿರಬೇಕು, ಜಿಪ್ಪು ನೈಲಾನಿನದ್ದು. ಸಾದಾ ಕಬ್ಬಿಣದ ಪಿನ್ನು ಹೊಡೆದವನ ರೆಕ್ಸಿನ್ ಅಂಚಿನಲ್ಲಿ ಒಂದೇ ಮಳೆಗಾಲಕ್ಕೆ ಕೆಂಪು ಚುಕ್ಕಿಗಳ ಸಾಲು ಮೂಡುತ್ತದೆ.

ಒಳಗೆ ಏನು ತುಂಬಬೇಕು ಎಂಬುದು ಮುಂದಿನ ವಾದ. ಒಟ್ಟೊ ಬೇಯರ್ 1937ರಲ್ಲಿ ಜರ್ಮನಿಯಲ್ಲಿ ಪಾಲಿಯುರಿಥೇನ್ ಕಂಡುಹಿಡಿದಾಗ ಗಂಗೊಳ್ಳಿಯ ಅಳಿವೆಬಾಗಿಲು ಅವನ ಮನಸ್ಸಿನಲ್ಲಿ ಇದ್ದಂತಿಲ್ಲ. ಸೋಫಾದ ಫೋಮಿನ ರಂಧ್ರಗಳೆಲ್ಲ ಒಂದಕ್ಕೊಂದು ತೆರೆದಿರುವುದರಿಂದ ಅದು ನೀರನ್ನು ಹೀರಿಕೊಂಡು ಕೂರುತ್ತದೆ. ರಂಧ್ರ ಮುಚ್ಚಿದ ಫೋಮ್ ನೀರು ಕುಡಿಯುವುದಿಲ್ಲ, ಆದರೆ ಮಲಗಿದರೆ ಹಲಗೆಯ ನೆನಪಾಗುತ್ತದೆ. ನ್ಯಾಯವಾಗಿ ಇಲ್ಲಿ ಗೆಲ್ಲಬೇಕಾದದ್ದು ನಾರುಪಂಥ. ತೆಂಗಿನ ನಾರಿಗೆ ಉಪ್ಪುನೀರು ಹೊಸದಲ್ಲ, ಸಿಪ್ಪೆಯನ್ನು ಹಿನ್ನೀರಿನಲ್ಲಿ ಕೊಳೆಹಾಕಿ ಅದನ್ನು ತೆಗೆಯುವ ಪದ್ಧತಿಯಿದೆ. ಆ ನಾರಿಗೆ ರಬ್ಬರ್ ಹಾಲೂಡಿಸಿ ಹಾಸಿಗೆ ಮಾಡಿ ದೇಶಕ್ಕೆಲ್ಲ ಮಾರಿದ ಕರ್ಲಾನ್ ಕೂಡ ಇಲ್ಲೇ ಪಕ್ಕದ ಮಣಿಪಾಲದವರು 1962ರಲ್ಲಿ ಆರಂಭಿಸಿದ್ದು. ಆದರೂ ಹವ್ಯಾಸಿ ಆನ್‌ಲೈನಿನಲ್ಲಿ ವಿದೇಶಿ ಫೋಮ್ ಹುಡುಕುತ್ತಾನೆ. ಹಿತ್ತಿಲ ಗಿಡ ಮದ್ದಲ್ಲ.

ಹೊಲಿಗೆಯ ಅಧ್ಯಾಯದಲ್ಲಿ ನಗುವುದಕ್ಕೆ ಏನೂ ಇಲ್ಲ. ಬಟ್ಟೆಯಲ್ಲಿ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ರೆಕ್ಸಿನ್ನಿನಲ್ಲಿ ಸೂಜಿ ಮಾಡಿದ ತೂತು ಮುಚ್ಚುವುದೇ ಇಲ್ಲ. ಗಟ್ಟಿಯಾಗಲಿ ಎಂದು ಒತ್ತೊತ್ತಾಗಿ ಹೊಲಿದರೆ ತೂತುಗಳ ಸಾಲು ಅಂಚೆಚೀಟಿಯ ಅಂಚಿನಂತೆ ಹರಿದು ಬರುತ್ತದೆ. ಹೊಲಿಗೆ ಸುಮಾರು ನಾಲ್ಕು ಮಿಲಿಮೀಟರಿನಷ್ಟು ಉದ್ದವಿರಬೇಕು, ನೂಲು ಪಾಲಿಯೆಸ್ಟರಿನದ್ದಾಗಿರಬೇಕು. ಅಮ್ಮನ ಹೊಲಿಗೆ ಮಿಷನ್ ಮೂಲೆಯ ನಾಲ್ಕು ಪದರ ಕಂಡು ಸುಮ್ಮನೆ ನಿಂತುಬಿಡುತ್ತದೆ.

ಆಗ ಸಂಶೋಧಕ ಅನಿವಾರ್ಯವಾಗಿ ಗುರುವಿನ ಬಳಿ ಹೋಗುತ್ತಾನೆ. ಗುರು ಇರುವುದು ಆಟೋರಿಕ್ಷಾಗಳಿಗೆ ಹುಡ್ ಮತ್ತು ಸೀಟು ಹೊಲಿಯುವ ಕುಶನ್ ಅಂಗಡಿಯಲ್ಲಿ. ಕುಂದಾಪುರದಲ್ಲೂ ಬೈಂದೂರಿನಲ್ಲೂ ಬ್ರಹ್ಮಾವರದಲ್ಲೂ ಅಂಥವರಿಗೆ ಬರವಿಲ್ಲ. ಹವ್ಯಾಸಿ ಮೂಲೆಯಲ್ಲಿ ನೆರಿಗೆ ಬಾರದಂತೆ ರೆಕ್ಸಿನ್ ಎಳೆಯುವ ಬಗ್ಗೆ ಮೂರು ಸಿದ್ಧಾಂತ ಮಂಡಿಸುತ್ತಾನೆ. ಗುರು ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗಿದು, "ಹ್ವಾಯ್, ಮೊದ್ಲ್ ಬಿಸ್ಲಿಗ್ ಇಡಿ ಮರ್ರೆ" ಎನ್ನುತ್ತಾನೆ. ಬಿಸಿಯಾದ ರೆಕ್ಸಿನ್ ಮೆದುವಾಗಿ ತಾನೇ ಮೂಲೆಗೆ ಬಗ್ಗುತ್ತದೆ. ಫೋಮಿಗೆ ತೆಳು ಪ್ಲಾಸ್ಟಿಕ್ ಸುತ್ತಿದರೆ ಹೊದಿಕೆಯೊಳಗೆ ಜಾರಿಕೊಂಡು ಹೋಗುತ್ತದೆ ಎಂಬ ರಹಸ್ಯವೂ ಅಲ್ಲೇ ಸಿಗುತ್ತದೆ. ಜುಲೈಯಲ್ಲಿ ಬಿಸಿಲು ಎಲ್ಲಿಂದ ತರುವುದು ಎಂದು ಕೇಳಿದರೆ ಗುರು ಇಸ್ತ್ರಿಪೆಟ್ಟಿಗೆಯ ಕಡೆ ಕಣ್ಣು ಹಾಯಿಸುತ್ತಾನೆ.

ಅಂತಾರಾಷ್ಟ್ರೀಯ ಆಯಾಮವನ್ನೂ ಬಿಡುವಂತಿಲ್ಲ. ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ನಾರ್ವೆಯ ವಿಲ್ಸನ್ ಕಂಪನಿಗೆ 3,800 ಟನ್ನಿನ ಸರಕು ಹಡಗುಗಳನ್ನು ಕಟ್ಟುವ ಗುತ್ತಿಗೆ ಪಡೆದಿದೆ. ದೊಡ್ಡ ಹಡಗುಗಳ ಮೆತ್ತೆಗಳಿಗೆ 2010ರ ಅಂತಾರಾಷ್ಟ್ರೀಯ ಅಗ್ನಿಪರೀಕ್ಷಾ ಸಂಹಿತೆ ಇದೆ. ಪ್ರಯೋಗಾಲಯದಲ್ಲಿ ಉರಿಯುವ ಸಿಗರೇಟನ್ನು ಮೆತ್ತೆಯ ಮೇಲಿಟ್ಟು ಹೊತ್ತಿಕೊಳ್ಳುತ್ತದೋ ಇಲ್ಲವೋ ನೋಡುತ್ತಾರೆ. ಟ್ರಾಲರುಗಳಲ್ಲಿ ಈ ಪರೀಕ್ಷೆ ಪ್ರಯೋಗಾಲಯದ ಖರ್ಚಿಲ್ಲದೆ, ಬೀಡಿಯಿಂದ, ದಿನವೂ ನಡೆಯುತ್ತದೆ.

ಕೊನೆಗೂ ಮೆತ್ತೆ ಸಿದ್ಧವಾಗಿ ಆಗಸ್ಟ್ 1ಕ್ಕೆ ಕ್ಯಾಬಿನ್ ಸೇರುತ್ತದೆ ಎಂದಿಟ್ಟುಕೊಳ್ಳೋಣ. ತಳಕ್ಕೆ ನೀರಿಳಿಯುವ ಬಲೆಬಟ್ಟೆ, ಬದಿಯಲ್ಲಿ ಗಾಳಿಕಿಂಡಿ, ಎಲ್ಲವೂ ಶಾಸ್ತ್ರೋಕ್ತ. ಕೊಳೆಯಾಗದಿರಲೆಂದು ಅದಕ್ಕೆ ಸುತ್ತಿ ಕೊಟ್ಟ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯಬಹುದೇ ಎಂದು ಬೋಟಿನ ಆಳು, ಕಲಾಸಿಯೊಬ್ಬ ಕೇಳುತ್ತಾನೆ. ಬೋಟು ನಡೆಸುವ ತಾಂಡೇಲ ಬೇಡ ಎನ್ನುತ್ತಾನೆ: ಹೊಸದು, ಹಾಳಾಗುತ್ತದೆ. ಪ್ಲಾಸ್ಟಿಕ್ ಹಾಗೇ ಇರುತ್ತದೆ, ಅದರ ಮೇಲೆ ಹಳೆಯ ಚಾಪೆ ಬರುತ್ತದೆ.