ಹಿಡಿ ಕರಗಿದ ಮೇಲೆ

ಮಗಳನ್ನು ಧಾರೆಯೆರೆದು ಕೊಟ್ಟ ಇಪ್ಪತ್ತು ವರ್ಷಗಳ ಮೇಲೆ ನಮ್ಮ ಮಾವನವರು ತಮ್ಮ ಹಳೇ ಫಿಯೆಟ್ಟನ್ನೂ ನನಗೇ ಕೊಟ್ಟರು. ಮಗಳನ್ನು ಕೊಡುವಾಗ ಹೇಳದೆ ಉಳಿಸಿಕೊಂಡಿದ್ದ ಬುದ್ಧಿಮಾತುಗಳೆಲ್ಲ ಬೀಗದ ಕೈ ಕೊಡುವಾಗ ಹೊರಬಂದವು. ಮೊದಲನೆಯದು, “ಬಿಸಿ ಮಾಡಬೇಡಿ ಅಳಿಯಂದಿರೇ.” ಎಂಜಿನ್ನಿನ ವಿಚಾರ ಎಂದುಕೊಂಡೆ. ಆ ಮಾತು ಇಡೀ ಕಾರಿಗೆ ಸಲ್ಲುತ್ತದೆಂದು ತಿಳಿಯುವಷ್ಟರಲ್ಲಿ ಒಂದು ಬಾಗಿಲ ಹಿಡಿ ಕಳೆದುಕೊಂಡಿದ್ದೆ.

ಎಡಬಾಗಿಲ ಹಿಡಿ ಬುಡದಲ್ಲಿ ಸೀಳಿತ್ತು. ಕಬ್ಬಿಣವೆಂದೇ ನಂಬಿ ಬೀದಿಯ ತುದಿಯ ವೆಲ್ಡಿಂಗ್ ಅಂಗಡಿಗೆ ಒಯ್ದೆ. ಅಲ್ಲಿನ ಹುಡುಗ ಗೇಟು, ಕಿಟಕಿ ಸರಳು ಬೆಸೆಯುವುದರಲ್ಲಿ ನಿಸ್ಸೀಮ. ಅವನು ಗ್ಯಾಸಿನ ಉರಿ ಹಿಡಿದದ್ದೇ ತಡ, ಹಿಡಿ ಜಾತ್ರೆಯ ಐಸ್‌ಕ್ಯಾಂಡಿಯಂತೆ ತೊಟ್ಟಿಕ್ಕಿತು. ಇಬ್ಬರೂ ಸ್ವಲ್ಪ ಹೊತ್ತು ನೆಲ ನೋಡಿದೆವು. “ಸಾರ್, ಇದು ಕಬ್ಬಿಣ ಅಲ್ಲ, ಜಿಂಕು” ಎಂದ, ಮರಣೋತ್ತರ ಪರೀಕ್ಷೆ ಮುಗಿಸಿದ ಡಾಕ್ಟರರ ಧಾಟಿಯಲ್ಲಿ. ಹಳೇ ಕಾರುಗಳ ಹಿಡಿ, ಲಾಂಛನ, ಕಾರ್ಬುರೇಟರಿನ ಮೈ ಎಷ್ಟೋ ಸಲ ಸತುವಿನ ಮಿಶ್ರಲೋಹದ ಎರಕ. ಅದು 400 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ನೀರಾಗುತ್ತದೆ. ಗ್ಯಾಸ್ ವೆಲ್ಡಿಂಗಿನ ಉರಿಯೋ 3000ಕ್ಕೂ ಮೇಲೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಿದ್ದೆವು.

ಬಲಬಾಗಿಲ ಹಿಡಿ ಸೀಳಿರಲಿಲ್ಲ, ಮೈತುಂಬ ಸಿಡುಬಿನ ಕಲೆಯಂಥ ಗುಳಿಗಳಿದ್ದವು ಅಷ್ಟೆ. ಈ ಸಲ ಬುದ್ಧಿ ಬಂದು ಪ್ಲೇಟಿಂಗ್ ಮಾಡುವವರ ಬಳಿ ಹೋದೆ. ಅವರು ಹಳೇ ಲೇಪ ತೆಗೆದು, ಗುಳಿಗಳನ್ನು ಕೆರೆದು, ತೊಟ್ಟಿಯಲ್ಲಿ ಅದ್ದಿ, ವಿದ್ಯುತ್ ಹರಿಸಿ ತಾಮ್ರ ಹತ್ತಿಸಿದರು. ಗುಳಿಗಳಿಗೆ ಸೀಸ-ತವರದ ಬೆಸುಗೆ ತುಂಬಿ ಉಜ್ಜಿದರು. ಮತ್ತೆ ತಾಮ್ರ, ಅದರ ಮೇಲೆ ನಿಕಲ್, ಕೊನೆಗೆ ಕ್ರೋಮಿಯಂ. ಆ ತೊಟ್ಟಿಯ ದ್ರಾವಣ ನಮ್ಮ ಮನೆಯ ಕಾಫಿಯಷ್ಟೂ ಬಿಸಿಯಿರುವುದಿಲ್ಲ. (ಹಾಗೆಂದು ಬಚ್ಚಲಮನೆಯಲ್ಲಿ ಪ್ರಯೋಗಕ್ಕೆ ಇಳಿಯಬೇಡಿ, ಸತುವಿಗೆ ತಾಮ್ರ ಹತ್ತಿಸುವ ತೊಟ್ಟಿಯಲ್ಲಿ ಸಾಮಾನ್ಯವಾಗಿ ಸಯನೈಡ್ ಇರುತ್ತದೆ.) ಹೊಳೆಯುವ ಕೀರ್ತಿಯೆಲ್ಲ ಕ್ರೋಮಿಯಮ್ಮಿನದು. ಅದರ ಪದರವೋ ಒಂದು ಮೈಕ್ರಾನಿಗಿಂತ ತೆಳು. ದುಡಿಮೆ ತಾಮ್ರ, ನಿಕಲ್‌ಗಳದು. ಮದುವೆಮನೆಯಲ್ಲಿ ವೇದಿಕೆಯ ಮೇಲೆ ಫೋಟೋಕ್ಕೆ ನಿಂತವರೇ ಬೇರೆ, ಕೋಡುಬಳೆ ಕರಿದವರೇ ಬೇರೆ.

ತವರ ಕಂಡದ್ದೇ ಅಜ್ಜಿಯ ಊರು ನೆನಪಾಯಿತು. ವರ್ಷಕ್ಕೊಮ್ಮೆ ಕಲಾಯಿ ಸಾಬರು ಬಂದು ಅರಳಿಕಟ್ಟೆಯ ಪಕ್ಕ ಗುಂಡಿ ತೋಡಿ ತಿದಿ ಹೂಡುತ್ತಿದ್ದರು. ಅಜ್ಜಿ ಪಾತ್ರೆಗಳನ್ನು ಎಣಿಸಿ ಕೊಟ್ಟು, ಎಣಿಸಿ ತೆಗೆದುಕೊಂಡು, ನಡುವೆ ನನ್ನನ್ನು ಕಾವಲಿಗೆ ಕೂರಿಸುತ್ತಿದ್ದಳು. ಕಾದ ತಪ್ಪಲೆಗೆ ನವಸಾಗರ ಎರಚಿದರೆ ಬೆಳ್ಳಗೆ ಹೊಗೆ. ತವರದ ಕಡ್ಡಿ ಮುಟ್ಟಿಸಿ ಹತ್ತಿಯಲ್ಲಿ ಒಂದು ಸುತ್ತು ಒರೆಸಿದರೆ ಒಳಗೆಲ್ಲ ಬೆಳದಿಂಗಳು. ತಾಮ್ರ ಕರಗಲು 1085 ಡಿಗ್ರಿ ಬೇಕು, ತವರಕ್ಕೆ 232 ಸಾಕು. ಆ ಅಂತರದಲ್ಲೇ ಸಾಬರ ಬದುಕು ನಡೆಯುತ್ತಿತ್ತು. ಹಿಂದಿನ ಕಾರುಗಳ ತಗಡಿನ ಕೀಲುಗಳನ್ನೂ ಹೀಗೆಯೇ ಮೊದಲು ಕಲಾಯಿ ಹಾಕಿ, ಆಮೇಲೆ ಮೆತ್ತಗಾದ ಸೀಸ-ತವರವನ್ನು ಮರದ ಹಲಗೆಯಿಂದ ಸವರಿ ಮುಚ್ಚುತ್ತಿದ್ದರು.

ಹಿಡಿ ಮುಗಿಯುತ್ತಲೇ ವಾಟರ್ ಪಂಪು ಸೋರತೊಡಗಿತು. ಬೇರಿಂಗ್ ಕೂರುವ ಜಾಗದಲ್ಲಿ ಶಾಫ್ಟ್ ಸವೆದಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯನ್ನು ಎರಡು ಸಲ ಅಳೆದರೂ ಹೊಸದು ಸಿಗಲಿಲ್ಲ. “ಅದರ ಕಾಲ ಮುಗೀತಲ್ಲ ಸಾರ್” ಎಂದರು, ನನ್ನನ್ನೂ ಸೇರಿಸಿಯೇ ನೋಡುತ್ತ. ಕೊನೆಗೊಬ್ಬ ಹಿರಿಯ ಲೇತ್ ಮೇಸ್ತ್ರಿ ಹೇಳಿದರು: “ವೆಲ್ಡ್ ಮಾಡಿದ್ರೆ ಬಾಗುತ್ತೆ. ಮೆಟಲ್ ಸ್ಪ್ರೇ ಮಾಡಿಸಿ.”

ಸವೆದ ಜಾಗವನ್ನು ಲೇತಿನಲ್ಲಿ ಬೇಕೆಂದೇ ಒರಟು ಮಾಡಿದರು. ಶಾಫ್ಟ್ ತಿರುಗುತ್ತಿದ್ದಂತೆ ಗನ್ನಿನೊಳಗೆ ಉಕ್ಕಿನ ತಂತಿ ಕರಗಿ, ಗಾಳಿಯ ರಭಸಕ್ಕೆ ತುಂತುರಾಗಿ ಹೋಗಿ ಅಂಟುತ್ತಿತ್ತು. ಕರಗುವುದು ತಂತಿ, ಶಾಫ್ಟಲ್ಲ. ಅದು ದೋಸೆಯ ಹೆಂಚಿನಷ್ಟೂ ಕಾಯುವುದಿಲ್ಲವಂತೆ. ಆಮೇಲೆ ಅಳತೆಗೆ ಉಜ್ಜಿ ಕೊಟ್ಟರು. “ಇದು ಸವೆದಿದ್ದಕ್ಕೆ ಮದ್ದು, ಮುರಿದಿದ್ದಕ್ಕಲ್ಲ” ಎಂದೂ ಎಚ್ಚರಿಸಿದರು. ಬಿರುಕಿಗೆ, ಗೇರಿನ ಹಲ್ಲಿಗೆ ಈ ಲೇಪ ಬಲ ಕೊಡದು.

ಈ ವಿದ್ಯೆಯನ್ನು 1910ರ ಸುಮಾರಿಗೆ ಹೂಡಿದವನು ಸ್ವಿಟ್ಜರ್ಲೆಂಡಿನ ಮ್ಯಾಕ್ಸ್ ಉಲ್ರಿಕ್ ಶೋಪ್. ಮಕ್ಕಳು ಆಟದ ಬಂದೂಕಿನಿಂದ ಹೊಡೆದ ಸೀಸದ ಗುಂಡು ಗೋಡೆಗೆ ಚಪ್ಪಟೆಯಾಗಿ ಅಂಟಿದ್ದನ್ನು ನೋಡಿ ಅವನಿಗೆ ಹೊಳೆಯಿತೆಂಬ ಕಥೆಯಿದೆ. ಅಜ್ಜಿಯ ದನದ ಕೊಟ್ಟಿಗೆಯ ಹಿಂಗೋಡೆ ನೋಡಿದ್ದರೂ ಸಾಕಿತ್ತು. ಬೆರಣಿ ತಟ್ಟುವಾಗ ಅವಳು ಹೇಳುತ್ತಿದ್ದಳು, “ನಾಚ್ಕೊಂಡು ಎಸೆದ್ರೆ ಬೀಳುತ್ತೆ ಮಗಾ, ರಪ್ಪಂತ ಹೊಡಿ.” ಇದನ್ನೇ 1980ರ ದಶಕದಲ್ಲಿ ಸೈಬೀರಿಯಾದ ನೊವೊಸಿಬಿರ್ಸ್ಕ್‌ನಲ್ಲಿ ಅನಾತೊಲಿ ಪಪೀರಿನ್ ಮತ್ತು ಸಂಗಡಿಗರು ಗಾಳಿಸುರಂಗದಲ್ಲಿ ಕಂಡರು. ಲೋಹದ ಪುಡಿ ಮೆಲ್ಲಗೆ ಬಡಿದರೆ ಪುಟಿಯುತ್ತದೆ ಇಲ್ಲವೆ ಮೈ ಕೆರೆಯುತ್ತದೆ. ಸೆಕೆಂಡಿಗೆ 500 ಮೀಟರ್, ಅದಕ್ಕೂ ಮೇಲಿನ ವೇಗದಲ್ಲಿ ಬಡಿದರೆ ಕರಗದೆಯೇ ಚಪ್ಪಟೆಯಾಗಿ ಕಚ್ಚಿಕೊಳ್ಳುತ್ತದೆ. ಅದಕ್ಕೆ ಕೋಲ್ಡ್ ಸ್ಪ್ರೇ ಎಂದು ಹೆಸರು. ಹೈದರಾಬಾದಿನ ಎ.ಆರ್.ಸಿ.ಐ. ಸಂಶೋಧನಾ ಕೇಂದ್ರದಲ್ಲೂ ಇದರ ಕೆಲಸ ನಡೆದಿದೆ. ಅಜ್ಜಿಯ ಬೆರಣಿ ಒಣಗಿದ ಮೇಲೆ ಕಿತ್ತು ಬರುತ್ತಿತ್ತು, ಇದು ಬರುವುದಿಲ್ಲ. ವ್ಯತ್ಯಾಸ ಅಷ್ಟೇ ಎಂದು ನಾನು ವಾದಿಸಿದರೆ ನನ್ನ ಎಂಜಿನಿಯರ್ ಮಗ ಎದ್ದು ಹೋಗುತ್ತಾನೆ.

ಪಂಪು ಈಗ ಸೋರುವುದಿಲ್ಲ. ಬಲಬಾಗಿಲ ಹಿಡಿಯಲ್ಲಿ ಮುಖ ನೋಡಿಕೊಳ್ಳಬಹುದು. ಎಡಗಡೆ ಮಾತ್ರ ಹಿಡಿಯಿಲ್ಲ. “ರೀ, ಒಳಗಿಂದ ತೆಗೀರಿ” ಎಂದು ನನ್ನಾಕೆ ರಸ್ತೆಯಲ್ಲಿ ನಿಂತು ಕೂಗಬೇಕು. ನಿಮ್ಮ ಅಟ್ಟದ ಮೇಲೆ ಎಲ್ಲಾದರೂ ಹಳೇ ಫಿಯೆಟ್ಟಿನ ಎಡಬಾಗಿಲ ಹಿಡಿ ಇದ್ದರೆ ದಯವಿಟ್ಟು ಗುಜರಿಗೆ ತೂಕಕ್ಕೆ ಹಾಕಬೇಡಿ. ಗುಳಿ ಬಿದ್ದಿದ್ದರೂ ಪರವಾಗಿಲ್ಲ.